ದಿಂಬಿನ ಪಕ್ಕ ಪಿಸ್ತೂಲು: ಬೇಕೇ, ಬೇಡವೇ?

2025ರ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ನ ಮೋಟೆಲ್ ಒಂದರಲ್ಲಿ, ಕರ್ನಾಟಕದಿಂದ ಹೋಗಿ ಅಲ್ಲಿ ಮ್ಯಾನೇಜರ್ ಆಗಿದ್ದವರನ್ನು ಜೊತೆಗೆ ಕೆಲಸ ಮಾಡುತ್ತಿದ್ದವನೇ ಮಚ್ಚಿನಿಂದ ಕೊಂದುಹಾಕಿದ. ಹೆಂಡತಿ, ಮಗ ಅಡ್ಡ ಹೋದರೂ ಬಿಡಲಿಲ್ಲ. ಇಂಥ ಸುದ್ದಿಯ ಬೆನ್ನಿಗೇ ಅಮೆರಿಕದ ನಮ್ಮವರ ಮನೆಗಳಲ್ಲಿ ಏಳುವ ಮಾತು: ನಾವೂ ಒಂದು ಪಿಸ್ತೂಲು ತಗೊಳ್ಳೋಣವೇ? ಎಚ್-1ಬಿ ವೀಸಾದಲ್ಲಿರುವವರು ಈ ಚರ್ಚೆಯಿಂದ ಬಹುಮಟ್ಟಿಗೆ ಹೊರಗೆ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಅವರು ಬಂದೂಕು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಲ್ಲಿನ ಕೇಂದ್ರ ಕಾನೂನಿನಡಿ ಅಪರಾಧ. ಗ್ರೀನ್ ಕಾರ್ಡ್ ಬಂದ ಮೇಲೆ ಅಡ್ಡಿಯಿಲ್ಲ. ಟೆಕ್ಸಾಸ್‌ನಲ್ಲಿ ನೆಲೆಸಿದ ಇಬ್ಬರ ಮಾತು ಇಲ್ಲಿದೆ. ಒಬ್ಬರು ಇಟ್ಟುಕೊಂಡವರು, ಇನ್ನೊಬ್ಬರು ಬೇಡವೆಂದವರು.

ಪರ: ತಗೊಳ್ಳಿ, ಆದರೆ ಕಲಿತು ತಗೊಳ್ಳಿ

ಬಂದೂಕು ಅಂದ ಕೂಡಲೇ ನಮ್ಮವರ ಮುಖ ಒಂಥರಾ ಆಗುತ್ತದೆ. ಕೊಡಗಿನವರನ್ನು ಬಿಟ್ಟರೆ, ನಮ್ಮಲ್ಲಿ ಹೆಚ್ಚಿನವರು ಊರಲ್ಲಿ ಅದನ್ನು ಕಂಡಿದ್ದು ಬ್ಯಾಂಕಿನ ಬಾಗಿಲಲ್ಲಿ ಕೂತ ಕಾವಲುಗಾರನ ತೊಡೆಯ ಮೇಲೆ ಮಾತ್ರ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ನಾವೀಗ ಇರುವುದು ಊರಲ್ಲಲ್ಲ. ಕೂಗಿದರೆ ಓಡಿಬರುವ ಪಕ್ಕದ ಮನೆಯವರು ಇಲ್ಲಿಲ್ಲ. 911ಕ್ಕೆ ಫೋನು ಮಾಡಿದ ಮೇಲೆ ಪೊಲೀಸರು ಬಾಗಿಲಿಗೆ ಬರುವವರೆಗಿನ ನಿಮಿಷಗಳಿಗೆ ನಾವೇ ಹೊಣೆ.

2011ರಿಂದ 2014ರವರೆಗೆ ಒಂದು ತಂಡ ಜಾರ್ಜಿಯಾ, ನ್ಯೂಯಾರ್ಕ್, ಒಹಾಯೊ, ಮಿಷಿಗನ್, ಟೆಕ್ಸಾಸ್ ರಾಜ್ಯಗಳಲ್ಲಿ ಭಾರತೀಯರ, ಇತರ ಏಷ್ಯನ್ನರ ಮನೆಗಳನ್ನೇ ಹುಡುಕಿಕೊಂಡು ನುಗ್ಗಿತು. ಮನೆಯವರು ಒಳಗಿದ್ದಾಗಲೇ ನುಗ್ಗಿ, ಮಕ್ಕಳಿಗೂ ಟೇಪು ಸುತ್ತಿ ಕಟ್ಟಿಹಾಕಿದರು. ಮುಂದಾಳಾಗಿದ್ದ ಹೆಂಗಸಿಗೆ 37 ವರ್ಷ ಸಜೆಯಾಯಿತು. ಸಜೆ ಆದದ್ದು ಸರಿ, ಆ ಹೊತ್ತಿನಲ್ಲಿ ಆ ಮನೆಯವರನ್ನು ಕಾಪಾಡಲು ಯಾರಿದ್ದರು?

ಕಾನೂನು ನಮ್ಮ ಕಡೆಗಿದೆ. ಮನೆಯೊಳಗೆ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. 2022ರ ಬ್ರೂಯನ್ ತೀರ್ಪಿನಲ್ಲಿ ಆ ಹಕ್ಕು ಹೊಸಿಲು ದಾಟಿ ಬೀದಿಗೂ ಬಂತು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದ, ಕಾನೂನಿನ ಬೇರೆ ತಡೆಯಿಲ್ಲದವರು ಪರವಾನಗಿ ಇಲ್ಲದೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು. ಪರವಾನಗಿ ಬೇಡ ಅಂದರೆ ಪಾಠವೂ ಬೇಡ ಅಂತಲ್ಲ. ನಾನು ತರಗತಿಗೆ ಹೋಗಿಯೇ ಪರವಾನಗಿ ಮಾಡಿಸಿದ್ದೇನೆ. ನ್ಯೂಜೆರ್ಸಿಯಲ್ಲಿರುವ ನೆಂಟರು ನನ್ನನ್ನು ನೋಡಿ ಹೊರಟರೆ ಕಷ್ಟ. ಅಲ್ಲಿ ಗುರುತಿನ ಕಾರ್ಡು ಬೇರೆ, ಒಂದೊಂದು ಪಿಸ್ತೂಲಿಗೂ ಅನುಮತಿ ಬೇರೆ.

ಇನ್ನು ಯಾವುದು ಅನ್ನುವ ಪ್ರಶ್ನೆ. ಅಂಗಡಿಗೆ ಹೆಂಗಸರು ಬಂದರೆ ಸಾಕು, ಕೌಂಟರಿನವರು ಪುಟ್ಟ ರಿವಾಲ್ವರ್ ಎತ್ತಿ ಕೈಗಿಡುತ್ತಾರೆ. ಸ್ಮಿತ್ ಆ್ಯಂಡ್ ವೆಸನ್ 642 ಎಂಬುದೊಂದಿದೆ: 400 ಗ್ರಾಮ್ ಚಿಲ್ಲರೆ ತೂಕ, ಐದೇ ಗುಂಡು. ಪರ್ಸಿಗೆ ಹಾಕಿದರೆ ಇದೆಯೋ ಇಲ್ಲವೋ ಗೊತ್ತಾಗದು. ಹೊಡೆದು ನೋಡಿದಾಗ ಗೊತ್ತಾಗುತ್ತದೆ. ಟ್ರಿಗರ್ ಬಿಗಿ, ನಳಿಗೆ ಗಿಡ್ಡ, ಮೈ ಹಗುರವಾದ್ದರಿಂದ ಒದೆತ ಜೋರು. ಭಾರದ್ದು ಕಡಿಮೆ ಒದೆಯುತ್ತದೆ, ಹಗುರದ್ದು ಹೆಚ್ಚು ಒದೆಯುತ್ತದೆ. ಹೊಸಬರು ಇದನ್ನು ತಲೆಕೆಳಗಾಗಿ ತಿಳಿದಿರುತ್ತಾರೆ. ನುರಿತ ಕೈಗೆ ಆ ರಿವಾಲ್ವರ್ ಒಳ್ಳೆಯದೇ, ಮೊದಲ ಕೈಗಲ್ಲ.

ಸೊಂಟಕ್ಕೂ ಮನೆಗೂ ಒಂದೇ ಸಾಕು ಅನ್ನುವವರಿಗೆ ನನ್ನ ಉತ್ತರ ನಡುಗಾತ್ರದ 9 ಎಂಎಂ ಪಿಸ್ತೂಲು. ಗ್ಲಾಕ್ 19 ಅಂಥದ್ದು: ನಾಲ್ಕಿಂಚಿನ ನಳಿಗೆ, ಮ್ಯಾಗಜಿನ್‌ನಲ್ಲಿ 15 ಗುಂಡು. 2018ರಲ್ಲಿ ಬಂದ ಸಿಗ್ ಪಿ365 ಅದಕ್ಕಿಂತ ಚಿಕ್ಕದು, ಬಚ್ಚಿಡಲು ಸಲೀಸು, ಗುರಿ ಹಿಡಿಯಲು ತುಸು ಕಷ್ಟ. ಸ್ಲೈಡ್ ಹಿಂದಕ್ಕೆ ಎಳೆಯಲು ಬೆರಳಲ್ಲಿ ಬಲವಿಲ್ಲದವರಿಗೆಂದೇ ಸ್ಮಿತ್ ಆ್ಯಂಡ್ ವೆಸನ್‌ನವರು ಶೀಲ್ಡ್ ಈಜಿ ಮಾಡಿದ್ದಾರೆ. ಸಂಧಿವಾತ ಇರುವವರು ಅದನ್ನೊಮ್ಮೆ ಎಳೆದು ನೋಡಬೇಕು. ಇವೆಲ್ಲ ಶೂಟಿಂಗ್ ರೇಂಜ್‌ಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಮೂರು ನಾಲ್ಕನ್ನು ಹೊಡೆದು ನೋಡದೆ ದುಡ್ಡು ಕೊಡಬೇಡಿ. ಗೆಳೆಯನ ಕೈಗೆ ಒಗ್ಗಿದ್ದು ನಿಮ್ಮ ಕೈಗೆ ಒಗ್ಗಬೇಕೆಂದೇನಿಲ್ಲ.

ಪಿಸ್ತೂಲಿನ ಬೆಲೆಗಿಂತ ಉಳಿದ ಖರ್ಚಿನ ಕಡೆ ಗಮನ ಕೊಡಿ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಅದನ್ನು ತಡೆಯುವ ಬೆಲ್ಟು, ಬಟನ್ ಒತ್ತಿದರೆ ತೆರೆಯುವ ಸಣ್ಣ ತಿಜೋರಿ, ಒಳ್ಳೆಯ ಟಾರ್ಚು. ಟಾರ್ಚು ಯಾಕೆಂದರೆ, ಎದುರು ಯಾರು ಅಂತ ಕಾಣದೆ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಇಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ. ಮರದ ಚೌಕಟ್ಟಿಗೆ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ಅಷ್ಟೇ. ಹಾಲ್‌ನಲ್ಲಿ ಹೊಡೆದದ್ದು ಮಗುವಿನ ಕೋಣೆಗೆ ಹೋಗಬಹುದು. ಮೈಗೆ ತಾಗಿದಾಗ ಅರಳಿ ಅಲ್ಲೇ ನಿಲ್ಲುವ ಹಾಲೋ ಪಾಯಿಂಟ್ ಗುಂಡು ರಕ್ಷಣೆಗೆ, ಅಗ್ಗದ ಸಾದಾ ಗುಂಡು ಅಭ್ಯಾಸಕ್ಕೆ. ಹಾಲೋ ಪಾಯಿಂಟ್ ಕೂಡ ಗುರಿ ತಪ್ಪಿದರೆ ಗೋಡೆ ದಾಟುತ್ತದೆ ಎಂಬುದನ್ನು ಮುಚ್ಚಿಡಲಾರೆ. ಅದಕ್ಕೇ ಅಭ್ಯಾಸ. ತಿಂಗಳಿಗೊಮ್ಮೆ ರೇಂಜಿಗೆ ಹೋಗಲು ಪುರುಸೊತ್ತಿಲ್ಲದವರು ಕೊಳ್ಳುವುದೇ ಬೇಡ.

ವಿರೋಧ: ನಮ್ಮ ಮನೆಯಲ್ಲಿ ಯಾರ್‍ಯಾರು ಇರುತ್ತಾರೆ?

ಪಿಸ್ತೂಲಿನ ಆಯ್ಕೆಯ ಬಗ್ಗೆ ಅವರು ಹೇಳಿದ್ದರಲ್ಲಿ ತಪ್ಪು ತೆಗೆಯಲು ನಾನು ಹೋಗುವುದಿಲ್ಲ. ಯಾವುದು ಅನ್ನುವುದು ಸುಲಭದ ಪ್ರಶ್ನೆ, ಮಧ್ಯಾಹ್ನ ರೇಂಜಿಗೆ ಹೋಗಿಬಂದರೆ ಬಗೆಹರಿಯುತ್ತದೆ. ರಾತ್ರಿ ಅದು ಎಲ್ಲಿರುತ್ತದೆ, ಆ ಸೂರಿನಡಿ ಯಾರ್‍ಯಾರು ಮಲಗಿರುತ್ತಾರೆ ಅನ್ನುವುದು ಕಷ್ಟದ್ದು. ಅದನ್ನು ಅವರು ತಿಜೋರಿ ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟರು.

ಮೊದಲು ಕಳ್ಳರ ವಿಷಯ. ಆ ತಂಡದ ಕತೆ ನಿಜ, ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಒಡವೆಗೆ ಕಣ್ಣು ಹಾಕಿದ ಸಾಮಾನ್ಯ ಕಳ್ಳ ಬರುವುದು ನಾವು ಮನೆಯಲ್ಲಿ ಇಲ್ಲದಾಗ: ದೀಪಾವಳಿ ಕಾರ್ಯಕ್ರಮ, ಮದುವೆ, ಡಿಸೆಂಬರ್ ರಜೆಯ ಊರಿನ ಪ್ರಯಾಣ. ಆಗ ಪಿಸ್ತೂಲು ಮನೆ ಕಾಯುವುದಿಲ್ಲ, ಬಳೆ ಸರದ ಜೊತೆ ತಾನೂ ಹೋಗುತ್ತದೆ. ಆಮೇಲೆ ಅದು ಯಾರ ಕೈಯಲ್ಲಿ ಏನು ಮಾಡುತ್ತದೋ!

ಈಗ ಮನೆಯವರ ವಿಷಯ. ನಮ್ಮಲ್ಲಿ ಅತ್ತೆ ಮಾವ ಆರು ತಿಂಗಳಿಗೆಂದು ಬರುತ್ತಾರೆ. ಬಂದ ಮೊದಲ ವಾರ ಮಾವನಿಗೆ ರಾತ್ರಿ ಮೂರಕ್ಕೆ ಬೆಳಗಾಗುತ್ತದೆ. ದೀಪ ಹಾಕಿದರೆ ಮಕ್ಕಳಿಗೆ ಎಚ್ಚರವಾದೀತೆಂದು ಕತ್ತಲಲ್ಲೇ ತಡವರಿಸುತ್ತಾ ಮೆಟ್ಟಿಲಿಳಿದು, ಫಿಲ್ಟರಿನ ಮುಚ್ಚಳ ತೆಗೆಯುತ್ತಾರೆ. ಗೊತ್ತಿಲ್ಲದ ಬಾಗಿಲೆಂದು ಹಿತ್ತಲ ಬಾಗಿಲನ್ನೂ ಒಮ್ಮೆ ತೆಗೆದು ನೋಡುತ್ತಾರೆ. ಅಲಾರಂ ಕಿರುಚುತ್ತದೆ. ಅರೆನಿದ್ದೆಯಲ್ಲಿ ಏಳುವ ಮಗನ ಕೈಗೆ ಆ ಹೊತ್ತಿನಲ್ಲಿ ಮೊದಲು ಸಿಗುವುದು ಟಾರ್ಚೋ, ಇನ್ನೊಂದೋ? ಪ್ರವಾಸಿ ವೀಸಾದಲ್ಲಿ ಬಂದ ಈ ಹಿರಿಯರು ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಅವರ ಕೈಗೆಟುಕುವಂತೆ ಅದನ್ನು ಇಡುವುದೂ ತೊಡಕಿನದು. 17 ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಬಿಟ್ಟರೆ ಟೆಕ್ಸಾಸ್‌ನಲ್ಲೂ ಅಪರಾಧ. ಅಂದಮೇಲೆ ಬೀಗ ಹಾಕಲೇಬೇಕು. ಚೆನ್ನಾಗಿ ಬೀಗ ಹಾಕಿದಷ್ಟೂ, ಪೊಲೀಸರು ಬರುವವರೆಗಿನ ಆ ನಿಮಿಷಗಳಲ್ಲಿ ಅದು ಕೈಗೆ ಬರುವುದು ತಡ. ಈ ಗಂಟನ್ನು ಯಾವ ಕಂಪನಿಯ ಪಿಸ್ತೂಲೂ ಬಿಡಿಸುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋದ 16ರ ಹುಡುಗ ತಪ್ಪು ಮನೆಯ ಬೆಲ್ ಒತ್ತಿದ. ಒಳಗಿದ್ದ 84ರ ಮುದುಕ ಹೊಡೆದೇಬಿಟ್ಟ. ಹುಡುಗ ಬದುಕಿದ್ದು ಪುಣ್ಯ. ಹೆದರಿದ ಮನುಷ್ಯನ ಕೈಲಿ ಪಿಸ್ತೂಲು ಇದ್ದರೆ ಬೆಲ್ಲಿನ ಸದ್ದೂ ನುಗ್ಗಿಬಂದ ಹಾಗೆ ಕೇಳುತ್ತದೆ.

ನನಗೆ ಬೇಡ ಅನ್ನಿಸಿದ್ದು ಇವ್ಯಾವುದರಿಂದಲೂ ಅಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ಜನರ ದಾಖಲೆ ಹಿಡಿದು ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದು ನೋಡಿದ್ದು ನಮ್ಮಂಥವರನ್ನೇ, ಅಂದರೆ ಮೊದಲ ಸಲ ಪಿಸ್ತೂಲು ಕೊಂಡವರನ್ನು. ಕೊಳ್ಳದವರಿಗೆ ಹೋಲಿಸಿದರೆ ಬಂದೂಕಿನಿಂದ ತಮ್ಮ ಜೀವ ತಾವೇ ಕಳೆದುಕೊಂಡವರ ಪ್ರಮಾಣ ಗಂಡಸರಲ್ಲಿ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟು. ಸಾಯಬೇಕೆಂದೇ ಕೊಂಡಿರಬೇಕು ಅನ್ನುವವರಿದ್ದಾರೆ. ಕೊಂಡ ಹೊಸತರಲ್ಲಿ ಅಪಾಯ ಅತಿ ಹೆಚ್ಚು ಎಂಬುದು ನಿಜವೇ. ಆದರೆ ಆ ಸಾವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನಡೆದದ್ದು ಕೊಂಡು ವರ್ಷ ಕಳೆದ ಮೇಲೆ. ಕಳ್ಳನಿಗೆಂದು ತಂದದ್ದು ಮನೆಯಲ್ಲೇ ಇತ್ತು, ಕೆಟ್ಟ ದಿನ ಆಮೇಲೆ ಬಂತು. ಕೆಲಸ ಹೋದ ಗಂಡಸು, ಕಾಲೇಜು ಸಿಗದ ಮಗಳು, ಬಾಣಂತನದಲ್ಲಿ ಮಂಕಾದ ಸೊಸೆ: ನಾವು ಇದನ್ನೆಲ್ಲ ನಾಲ್ಕು ಜನರೆದುರು ಆಡುವವರಲ್ಲ. ಕೆಟ್ಟ ಗಳಿಗೆ ಹಲವರಿಗೆ ಬಂದು ಹೋಗುತ್ತದೆ, ಬಂದೂಕು ಹತ್ತಿರವಿದ್ದರೆ ಹೋಗಲು ಬಿಡುವುದಿಲ್ಲ.

ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ವಿಷಯದಲ್ಲಿ ಹೆಚ್ಚು ಹೇಳಲಾರೆ. ಶಾಲೆಯೊಳಗೆ ಒಯ್ಯುವಂತಿಲ್ಲ, ಬಾರಿನೊಳಗೆ ಇಲ್ಲ, 30.06 ಎಂಬ ಫಲಕ ಹಾಕಿದ ಕಡೆ ಪರವಾನಗಿ ಇದ್ದವರೂ ಬಚ್ಚಿಟ್ಟು ಒಯ್ಯುವಂತಿಲ್ಲ. ದಿನದ ಅರ್ಧ ಅದು ಕಾರಿನಲ್ಲೇ ಉಳಿಯುತ್ತದೆ. ಗ್ರೀನ್ ಕಾರ್ಡಿನವರು ಇನ್ನೊಂದು ಮಾತು ನೆನಪಿಡಬೇಕು: ಬಂದೂಕಿನ ಕಾನೂನು ಮುರಿದು ಶಿಕ್ಷೆಯಾದರೆ ಅದು ಗಡೀಪಾರಿಗೆ ಕಾರಣವಾಗಬಹುದು. ಹುಟ್ಟಿನಿಂದ ಅಮೆರಿಕನ್ ಆದವನಿಗೆ ದಂಡದಲ್ಲಿ ಮುಗಿಯುವ ಮರೆವು ನಮಗೆ ಅಲ್ಲಿಗೇ ಮುಗಿಯದೇ ಹೋಗಬಹುದು.

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ನಮ್ಮ ಒಡವೆ ಬ್ಯಾಂಕ್ ಲಾಕರಿನಲ್ಲಿದೆ. ಮುಂಬಾಗಿಲ ಚಿಲಕ ಕೂರುವ ತಗಡಿಗೆ ಕಂಪನಿಯವರು ಹಾಕಿದ್ದ ಗಿಡ್ಡ ಸ್ಕ್ರೂ ತೆಗೆದು, ಒಳಗಿನ ಮರದವರೆಗೆ ಹೋಗುವ ಮೂರಿಂಚಿನದು ಹಾಕಿದ್ದೇವೆ; ಒದ್ದರೆ ಸುಲಭಕ್ಕೆ ಕಿತ್ತುಬರದು. ಮಲಗುವ ಕೋಣೆಗೂ ಗಟ್ಟಿ ಬಾಗಿಲು. ಒಂದು ನಾಯಿ, ಅದು ಕಚ್ಚದಿದ್ದರೂ ಸರಿ, ಬೊಗಳಿದರೆ ಸಾಕು.

ಪರದವರ ಮರುಮಾತು

ಮಾವನ ಪ್ರಸಂಗಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನಮ್ಮಲ್ಲಿ ಊರಿನಿಂದ ಹಿರಿಯರು ಬಂದ ತಿಂಗಳುಗಳಲ್ಲಿ ಪಿಸ್ತೂಲು ಮಹಡಿಯ ತಿಜೋರಿಯಿಂದ ಹೊರಗೇ ಬರುವುದಿಲ್ಲ, ಗುಂಡು ಬೇರೆ ಬೀಗದಲ್ಲಿ. ಮನೆಯಲ್ಲಿ ಯಾರಿಗಾದರೂ ಮನಸ್ಸು ಸರಿಯಿಲ್ಲ ಅನ್ನಿಸಿದರೆ ಅದು ಮನೆಯಲ್ಲೇ ಇರಕೂಡದು. ಹಣ ಪಡೆದು ಇಟ್ಟುಕೊಳ್ಳುವ ಬಂದೂಕು ಅಂಗಡಿಗಳಿವೆ. ಹಾಗೆ ಮಾಡಿದರೆ ಆ ತಿಂಗಳು ನನ್ನ ಹತ್ತಿರ ರಕ್ಷಣೆ ಎಲ್ಲಿ ಉಳಿಯಿತು ಅಂತ ಅವರು ಕೇಳಿಯೇ ಕೇಳುತ್ತಾರೆ. ಉಳಿಯುವುದಿಲ್ಲ. ಮಿಕ್ಕ ತಿಂಗಳುಗಳಿಗೆ ಇರಲಿ ಅಂತ ಇಟ್ಟುಕೊಂಡಿದ್ದೇನೆ. ಮೂರಿಂಚಿನ ಸ್ಕ್ರೂ ಮಾತ್ರ ಈ ಶನಿವಾರವೇ ಹಾಕಿಸುತ್ತೇನೆ.