ಗಸಗಸೆಯನ್ನು ಅಫೀಮು ಎನ್ನುವ ಯಂತ್ರ: ಗಡಿನಾಡಿನ ಸಣ್ಣ ಮಾರಾಟಗಾರರ ಅಹವಾಲು ಕೇಳುವವರಾರು?

ಗಸಗಸೆ ನಮ್ಮ ಅಡುಗೆಮನೆಯ ಸಾಮಾನ್ಯ ಪದಾರ್ಥ. 1985ರ ಮಾದಕ ದ್ರವ್ಯ ಕಾಯ್ದೆಯು ಅಫೀಮು ಗಿಡದ ಒಣ ಭಾಗಗಳನ್ನು ನಿಯಂತ್ರಿಸುವಾಗ ಬೀಜವನ್ನು ಸ್ಪಷ್ಟ ಮಾತಿನಲ್ಲಿ ಹೊರಗಿಟ್ಟಿದೆ. ಆದರೆ ಆನ್‌ಲೈನ್ ಮಾರುಕಟ್ಟೆಯ ತಪಾಸಣಾ ತಂತ್ರಾಂಶ ಕಾಯ್ದೆಯನ್ನು ಓದುವುದಿಲ್ಲ, ಪದಗಳನ್ನು ಹುಡುಕುತ್ತದೆ. ಗಸಗಸೆಗೂ ಅಫೀಮು ಗಿಡಕ್ಕೂ ಇಂಗ್ಲಿಷಿನಲ್ಲಿ ‘ಪಾಪ್ಪಿ’ ಎಂಬ ಒಂದೇ ಪದವಿರುವುದರಿಂದ ಮಸಾಲೆ ಮಾರುವವರ ಪುಟವೂ ನಿಷೇಧಿತ ವಸ್ತುಗಳ ಸಾಲಿಗೆ ಸೇರಿಬಿಡಬಹುದು.

ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಿಗೆ ಇದು ದೂರದ ಸಂಗತಿಯಲ್ಲ. ಶೇಂಗಾ ಹಿಂಡಿ, ಖಾರದ ಪುಡಿ, ಹಪ್ಪಳ, ಕಟಕು ರೊಟ್ಟಿಗಳನ್ನು ಮಾಡಿ ಮಾರಿ ಮಕ್ಕಳ ಓದಿಗೆ ಆಸರೆಯಾಗುವ ತಾಯಂದಿರಿಗೆ ಮೊಬೈಲ್ ಒಂದು ಹೊಸ ಸಂತೆ. ನಮ್ಮಲ್ಲಿ ‘ಹಿಂಡಿ’ ಎಂದರೆ ರೊಟ್ಟಿಯ ಜೊತೆಗಿನ ಚಟ್ನಿಪುಡಿಯೂ ಹೌದು, ದನಕ್ಕೆ ಹಾಕುವ ಮೇವೂ ಹೌದು. ಮನುಷ್ಯರಿಗೆ ಆಗದ ಗೊಂದಲ ಯಂತ್ರಕ್ಕೆ ಆಗುತ್ತದೆ. ತುಳಜಾಪುರದ ಕವಡೆಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕೆಲವು ಜಾತಿಯ ಕಡಲ ಚಿಪ್ಪುಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದು ನಿಜ, ಆದರೆ ಎಲ್ಲ ಕವಡೆಯೂ ಆ ಪಟ್ಟಿಯಲ್ಲಿಲ್ಲ. ಚಿತ್ರವೊಂದನ್ನೇ ನೋಡುವ ತಂತ್ರಾಂಶಕ್ಕೆ ಈ ಭೇದ ತಿಳಿಯುವುದೆಂತು?

ನಿರ್ಬಂಧವೇ ಬೇಡವೆಂದು ನಾವು ಹೇಳುತ್ತಿಲ್ಲ. ಆನ್‌ಲೈನ್‌ನಲ್ಲಿ ಆ್ಯಸಿಡ್ ಮಾರಾಟಕ್ಕಿದ್ದುದನ್ನು ಕಂಡು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಡಿಸೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮೀಶೋಗೆ ನೋಟಿಸ್ ನೀಡಿತು. ವಾಕಿಟಾಕಿಗಳ ಅಕ್ರಮ ಮಾರಾಟದ ಬಗ್ಗೆ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿಯೇ ಹೊರಬಂದಿತು. ‘ಹತ್ತಾ ಜೋಡಿ’ ಎಂಬ ಬೇರಿನ ಹೆಸರಿನಲ್ಲಿ ಉಡದ ಅಂಗಗಳನ್ನು ಮಾರುತ್ತಿದ್ದುದು 2017ರಲ್ಲಿ ಬಯಲಾಯಿತು. ಇಂಥವನ್ನು ತಡೆಯಲೇಬೇಕು. ತಡೆಯುವ ಭರದಲ್ಲಿ ನಿರಪರಾಧಿಯ ಸರಕು ಸಿಕ್ಕಿಬಿದ್ದರೆ ಅದನ್ನು ಬಿಡಿಸುವ ದಾರಿ ಎಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಬೇರೆಯವರ ಸರಕಿಗಾಗಿ ಜಾಲತಾಣವನ್ನು ಹೊಣೆ ಮಾಡುವುದಿಲ್ಲ; ಆದರೆ ಅದು ತಕ್ಕ ಎಚ್ಚರ ವಹಿಸಿರಬೇಕು. ಹೀಗಾಗಿ ಸಂಶಯ ಬಂದ ಪುಟವನ್ನು ಅಳಿಸಿಬಿಡುವುದು ಕಂಪನಿಗೆ ಸುಲಭ. ತಪ್ಪಾಗಿ ಉಳಿಸಿಕೊಂಡರೆ ದಂಡದ ಭಯವಿದೆ, ತಪ್ಪಾಗಿ ಅಳಿಸಿದರೆ ಯಾವ ಭಯವೂ ಇಲ್ಲ. ನಷ್ಟವೆಲ್ಲ ಮಾರಾಟಗಾರನದು.

ಕಾನೂನಿನ ಓರೆಯೂ ಇಲ್ಲಿಯೇ ಇದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಕೊಳ್ಳುವವರ ದೂರನ್ನು ಸ್ವೀಕರಿಸಿದ್ದಾಗಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮಾರುವವರ ಪುಟ ತಡೆಹಿಡಿದಾಗ ಕಾರಣ ತಿಳಿಸಲು ಆ ನಿಯಮಗಳಲ್ಲಿ ಅಂಥ ಗಡುವಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2020ರ ಜುಲೈ 12ರಿಂದ ಜಾರಿಯಲ್ಲಿರುವ ನಿಯಮದಂತೆ, ಮಾರಾಟಗಾರನನ್ನು ನಿರ್ಬಂಧಿಸುವ ತಾಣವು ಕಾರಣಗಳನ್ನು ಬರಹದಲ್ಲಿ ಕೊಡಬೇಕು, ಆಂತರಿಕ ದೂರು ವ್ಯವಸ್ಥೆಯನ್ನೂ ಇಟ್ಟಿರಬೇಕು. ನಮ್ಮ ದೇಶಕ್ಕೆ ಇದು ಅಸಾಧ್ಯವೇನಲ್ಲ.

ಇದರ ಮೇಲೆ ಗಡಿಯ ತೊಡಕು ಬೇರೆ. 2023ರ ಅಕ್ಟೋಬರ್ 1ರಿಂದ ಸರಕು ಮಾರುವ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿಯಿಲ್ಲದೆಯೂ ಆನ್‌ಲೈನ್ ಮಾರುಕಟ್ಟೆಗೆ ಬರಬಹುದು. ವಹಿವಾಟು ನೋಂದಣಿಯ ಮಿತಿಯೊಳಗಿರಬೇಕು (ಮಹಾರಾಷ್ಟ್ರದಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ), ಪ್ಯಾನ್ ಆಧರಿಸಿದ ದಾಖಲಾತಿ ಸಂಖ್ಯೆ ಪಡೆದಿರಬೇಕು. ಆದರೆ ಸರಕು ರಾಜ್ಯದ ಗಡಿ ದಾಟುವಂತಿಲ್ಲ. ಅಂದರೆ ಉದಗೀರದ ಹಿಂಡಿ ನಾಗಪುರಕ್ಕೆ ಹೋಗಬಹುದು, ಅದೇ ರೈಲು ಮಾರ್ಗದಲ್ಲಿರುವ ಭಾಲ್ಕಿಗೂ ಬೀದರಿಗೂ ಹೋಗಬಾರದು. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ನಮ್ಮ ಹಿಂಡಿಯ ರುಚಿ ಬಲ್ಲ ನೆಂಟರಿಷ್ಟರೂ ಗಿರಾಕಿಗಳೂ ಇರುವುದು ಆ ಕಡೆಯೇ. ಇದನ್ನರಿಯದೆ ಗಡಿಯಾಚೆಗೆ ಸರಕು ಕಳಿಸುವವರಿಗೆ ಅದು ನಿಯಮಭಂಗ. ಇಂಥ ನಿರ್ಬಂಧವನ್ನು ಯಂತ್ರದ ತಪ್ಪೆನ್ನಲಾಗದು. ಇದು ನಿಯಮದ್ದೇ ಇಕ್ಕಟ್ಟು.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಎಚ್ಚರ. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಪಡೆದು ಪೊಟ್ಟಣದ ಮೇಲೆ ನಮೂದಿಸಬೇಕು. ಬರಿ ‘ಹಿಂಡಿ’ ಎನ್ನದೆ ‘ಶೇಂಗಾ ಚಟ್ನಿಪುಡಿ’ ಎಂದೂ ಬರೆಯುವುದು ಮೇಲು. ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂಬ ಮಾತು ಬೇಡ. 1954ರ ಔಷಧ ಜಾಹೀರಾತು ಕಾಯ್ದೆ ಅಂಥ ಭರವಸೆಯನ್ನು ನಿಷೇಧಿಸಿದೆ, ಅದಕ್ಕಾಗಿ ಪುಟ ಅಳಿದರೆ ತಪ್ಪು ನಮ್ಮದೇ. ಬೋರಸುರಿ ತೊಗರಿಬೇಳೆ, ಪಾನಚಿಂಚೋಳಿ ಹುಣಸೆಯಂಥ ಭೌಗೋಳಿಕ ಸೂಚಕದ ಹೆಸರನ್ನು ಬಳಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಪುಟ ತಡೆಹಿಡಿಯಲ್ಪಟ್ಟರೆ ನೋಟಿಸಿನ ಪ್ರತಿ, ಪರವಾನಗಿ, ಪೊಟ್ಟಣದ ಚಿತ್ರಗಳನ್ನು ಸೇರಿಸಿ ಬರಹದಲ್ಲೇ ಮೇಲ್ಮನವಿ ಸಲ್ಲಿಸಬೇಕು. ಆತುರದಲ್ಲಿ ಬೇರೆ ಹೆಸರಿನ ಖಾತೆ ತೆರೆದರೆ ಸಂಶಯ ಇಮ್ಮಡಿಯಾಗುತ್ತದೆ. ಸಣ್ಣ ಉದ್ಯಮಗಳ ಅಹವಾಲಿಗಾಗಿ ಕೇಂದ್ರ ಸರಕಾರ 2020ರಲ್ಲಿ ತೆರೆದ ‘ಚಾಂಪಿಯನ್ಸ್’ ಜಾಲತಾಣವೂ ಇದೆ.

ಎಚ್ಚರ ವಹಿಸುವ ಹೊಣೆ ನಮ್ಮ ಮೇಲಿದ್ದರೆ, ಉತ್ತರ ಕೊಡುವ ಹೊಣೆ ಕಂಪನಿಯ ಮೇಲೆ ಇರಬೇಡವೆ? ಕಾರಣವನ್ನು ಮಾರಾಟಗಾರ ಓದಬಲ್ಲ ಭಾಷೆಯಲ್ಲಿ ತಿಳಿಸಲಿ. ಯಂತ್ರದ ತೀರ್ಪನ್ನು ಮನುಷ್ಯರೊಬ್ಬರು ಗಡುವಿನೊಳಗೆ ಮರುಪರಿಶೀಲಿಸಲಿ. ನಮ್ಮ ಜನಪ್ರತಿನಿಧಿಗಳು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಮುಂದೆ ಇಡಬೇಕಾದ ಬೇಡಿಕೆ ಇದು. ಕನ್ನಡ ಶಾಲೆಯಲ್ಲಿ ಓದಿದ ತಾಯಿಯೊಬ್ಬಳು ತನ್ನ ಸರಕು ಏಕೆ ನಿಂತಿತು ಎಂಬುದನ್ನು ಮತ್ತೊಬ್ಬರಿಂದ ಓದಿಸಿಕೊಳ್ಳದೆ ತಿಳಿಯುವಂತಾದರೆ ಅರ್ಧ ನ್ಯಾಯ ದೊರೆತಂತೆ.