ತಿರುಗಿದ ಮೇಲೆ ಮತ್ತೆ ತಿರುಗಿದರೆ

ಕಾರವಾರದ ಬೈತಖೋಲದಲ್ಲಾಗಲಿ ಅಂಕೋಲೆಯ ಬೇಲೇಕೇರಿಯಲ್ಲಾಗಲಿ, ಲಂಗರು ಹಾಕಿದ ದೋಣಿಗೆ ಅಲೆ ಬಡಿದಾಗ ಅದು ಪಕ್ಕಕ್ಕೆ ಹೊರಳುತ್ತದೆ, ಮುಂಭಾಗ ಎದ್ದಿಳಿಯುತ್ತದೆ, ಹಗ್ಗ ಸಡಿಲವಿದ್ದರೆ ದಿಕ್ಕನ್ನೂ ಬದಲಿಸುತ್ತದೆ. ಇವೆಲ್ಲ ಕೂಡಿದಾಗ ಒಟ್ಟು ಆದದ್ದೇನು? ಈ ಪ್ರಶ್ನೆಯನ್ನು ಇಲ್ಲಿನ ಕಾಲೇಜು ಹುಡುಗರಿಗೆ ಕಣ್ಣು-ಕೈಗಳ ಮೂಲಕ ಕಲಿಸಬೇಕೋ, ಮಾತೃಕೆಗಳ ಮೂಲಕವೋ ಎಂಬಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ.

ಕೈಯ ಪರವಾದ ವಾದ ಬಲವಾದದ್ದು. ಲೂಡೋ ದಾಳವೊಂದನ್ನು ನೆಟ್ಟಗಿನ ಅಕ್ಷದ ಸುತ್ತ ಕಾಲು ಸುತ್ತು, ಬಳಿಕ ಅಡ್ಡ ಅಕ್ಷದ ಸುತ್ತ ಕಾಲು ಸುತ್ತು ತಿರುಗಿಸಿ. ಕ್ರಮ ಅದಲುಬದಲಾದರೆ ದಾಳ ಬೇರೆಯೇ ಭಂಗಿಯಲ್ಲಿ ನಿಲ್ಲುತ್ತದೆ. ಮೂರು ಆಯಾಮಗಳಲ್ಲಿ ಎಷ್ಟೇ ಸಲ ತಿರುಗಿಸಿದರೂ ಒಟ್ಟು ಫಲ ಒಂದೇ ಅಕ್ಷದ ಸುತ್ತಣ ಒಂದು ತಿರುವು ಎಂದು 18ನೇ ಶತಮಾನದಲ್ಲಿ ಆಯ್ಲರ್ ತೋರಿಸಿದ. ನಮ್ಮ ದಾಳದ ಮಟ್ಟಿಗೆ ಅದು ಒಂದು ಮೂಲೆಯಿಂದ ಎದುರು ಮೂಲೆಗೆ ಹಾಯುವ ಅಕ್ಷದ ಸುತ್ತ 120 ಡಿಗ್ರಿ. ಆ ಎರಡು ಮೂಲೆಗಳನ್ನು ಬೆರಳುಗಳ ನಡುವೆ ಹಿಡಿದು ತಿರುಗಿಸಿ ನೋಡಿದ ಹುಡುಗಿ ಅದನ್ನು ಮರೆಯುವುದು ಕಷ್ಟ.

ಆದರೆ ಇದೇ ಅನುಭವ ಮುಂದೆ ದಾರಿ ತಪ್ಪಿಸಬಹುದು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ನಾಲ್ಕು ಆಯಾಮಗಳಲ್ಲಿ ಅಕ್ಷವೆಂಬುದೇ ಇಲ್ಲ. ಸರಳ ತಿರುವಿನಲ್ಲಿ ಒಂದು ಇಡೀ ಸಮತಲ ಅಲುಗದೆ ಉಳಿಯುತ್ತದೆ. ಜೋಡಿ ತಿರುವಿನಲ್ಲಿ ಪರಸ್ಪರ ಲಂಬವಾದ ಎರಡು ಸಮತಲಗಳು ತಂತಮ್ಮ ಕೋನದಲ್ಲಿ ತಿರುಗಿ, ಕೇಂದ್ರಬಿಂದುವೊಂದೇ ಸ್ಥಿರವಾಗಿರುತ್ತದೆ. ಅಕ್ಷವನ್ನೇ ಹುಡುಕಲು ಕಲಿತವರು ಇಲ್ಲಿ ಕಂಗೆಡುತ್ತಾರೆ. ಮಾತೃಕೆಗೆ ಈ ತೊಡಕಿಲ್ಲ. ಗುಣಾಕಾರದ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆಂದು ದ್ವಿತೀಯ ಪಿಯುಸಿಯಲ್ಲೇ ಕಲಿತಿರುತ್ತಾರೆ. ಆಯಾಮ ಐದಾಗಲಿ ಹತ್ತಾಗಲಿ ವಿಧಾನ ಅದೇ.

ಇದಕ್ಕೂ ಮರುವಾದವುಂಟು. ನಾಲ್ಕು ಆಯಾಮದ ಮಾತೃಕೆಯಲ್ಲಿ 16 ಸಂಖ್ಯೆಗಳಿವೆ, ಸ್ವತಂತ್ರವಾದವು ಆರು ಮಾತ್ರ. ಗುಣಿಸಿ ಮುಗಿಸಿದವನಿಗೆ ಉತ್ತರ ಸಿಕ್ಕಿರುತ್ತದೆ, ಆದದ್ದೇನೆಂದು ಕಂಡಿರುವುದಿಲ್ಲ. 1843ರ ಅಕ್ಟೋಬರ್ 16ರಂದು ಹ್ಯಾಮಿಲ್ಟನ್‌ಗೆ ಹೊಳೆದ ಕ್ವಾಟರ್ನಿಯನ್ ಎಂಬ ನಾಲ್ಕು ಘಟಕಗಳ ಸಂಖ್ಯೆ ಮೂರು ಆಯಾಮಗಳಲ್ಲಿ ಚೊಕ್ಕವಾಗಿ ಕೆಲಸ ಮಾಡುತ್ತದೆ. ನಾಲ್ಕಕ್ಕೆ ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಬೇಕು. ಅದರಾಚೆ ಆ ಅಂದ ಹಾಗೆಯೇ ಮುಂದುವರಿಯದು.

ನನ್ನ ಒಲವು, ತುಸು ಹಿಂಜರಿಕೆಯಿಂದಲೇ, ಕನ್ನಡಿಗಳ ಕಡೆಗೆ. ಒಂದು ಕನ್ನಡಿಯ ಬಿಂಬವನ್ನು ಓರೆಯಾಗಿಟ್ಟ ಇನ್ನೊಂದು ಕನ್ನಡಿ ಮತ್ತೆ ಪ್ರತಿಬಿಂಬಿಸಿದರೆ, ಅವುಗಳ ನಡುವಣ ಕೋನದ ಎರಡರಷ್ಟು ತಿರುವು ಸಿಗುತ್ತದೆ. ಇದು ಕಣ್ಣಿಗೂ ಕಾಣುತ್ತದೆ, ಯಾವ ಆಯಾಮಕ್ಕೂ ಸಲ್ಲುತ್ತದೆ. ಮೂರು ಆಯಾಮಗಳಲ್ಲಿ ಎರಡು ತಿರುವುಗಳು ಒಂದಾದ ಮೇಲೊಂದು ಬಂದಾಗ, ಕೇಂದ್ರದ ಮೂಲಕ ಹಾಯುವ ಅವುಗಳ ಅಕ್ಷಗಳೆರಡನ್ನೂ ಒಳಗೊಂಡ ಸಮತಲ ಇದ್ದೇ ಇದೆ. ಅಲ್ಲೊಂದು ಕನ್ನಡಿಯಿಟ್ಟು ಅದನ್ನು ಮೊದಲ ತಿರುವಿನ ಕೊನೆಯ ಕನ್ನಡಿಯಾಗಿಯೂ ಎರಡನೆಯದರ ಮೊದಲ ಕನ್ನಡಿಯಾಗಿಯೂ ಬಳಸಿದರೆ, ಎರಡು ಸಲ ಬಂದ ಅದು ತನ್ನನ್ನೇ ರದ್ದು ಮಾಡಿಕೊಳ್ಳುತ್ತದೆ. ಉಳಿಯುವುದು ಎರಡೇ ಕನ್ನಡಿ, ಅಂದರೆ ಒಂದೇ ತಿರುವು. ಆಯ್ಲರನ ಮಾತು ಇಲ್ಲಿ ಕಣ್ಣೆದುರೇ ನಿಲ್ಲುತ್ತದೆ. ನಾಲ್ಕು ಆಯಾಮಗಳಲ್ಲಿ ಎರಡು ಸರಳ ತಿರುವುಗಳ ಸ್ಥಿರ ಸಮತಲಗಳು ಕೇಂದ್ರದಲ್ಲಷ್ಟೇ ಸಂಧಿಸಬಹುದು. ಆಗ ಎರಡನ್ನೂ ಒಳಗೊಳ್ಳುವ ಕನ್ನಡಿ ಇರುವುದಿಲ್ಲ. ಯಾವುದೂ ರದ್ದಾಗದೆ ನಾಲ್ಕೂ ಉಳಿದು, ಜೋಡಿ ತಿರುವು ಹುಟ್ಟುತ್ತದೆ. ಲೆಕ್ಕಕ್ಕೆ ಮಾತೃಕೆ ಬೇಕೇ ಬೇಕು. ಎಂಜಿನಿಯರಿಂಗ್‌ಗೆ ಹೊರಟವರಿಗೆ ಈ ದಾರಿ ನಿಧಾನವೆನಿಸಲೂಬಹುದು. ಆದರೂ ಮಾತೃಕೆಗೆ ಮೊದಲು ಒಂದೆರಡು ತರಗತಿಗಳನ್ನು ದಾಳಕ್ಕೂ ಒಂದು ಜೊತೆ ಕನ್ನಡಿಗೂ ಕೊಡುವುದು ಸರಿಯೆಂದು ತೋರುತ್ತದೆ.