ಗೊರಕೆ, ಸಕ್ಕರೆ ಮತ್ತು ಕಣ್ಣು

ಗಲ್ಲಾ ಪೆಟ್ಟಿಗೆ ಮುಂದೆ ಕೂತಲ್ಲೇ ತೂಕಡಿಸುವ ಸಾಹುಕಾರರು, ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ಪಕ್ಕದವರ ಹೆಗಲಿಗೆ ತಲೆ ಕೊಟ್ಟು ಗೊರಕೆ ಹೊಡೆಯುವ ಮಹನೀಯರು. ಇವರನ್ನು ಕಂಡರೆ ‘ಪುಣ್ಯವಂತ, ಎಲ್ಲಿ ಕೂತ್ರೂ ನಿದ್ದೆ’ ಅಂತ ನಗುತ್ತೇವೆ. ಆ ಪುಣ್ಯವಂತರಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ನಗುವುದು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಕು.

ಗೊರಕೆಗೂ ಕಣ್ಣಿಗೂ ಏನು ಸ್ವಾಮಿ ಸಂಬಂಧ ಅಂತೀರಾ? ಇದೆ. ಜೋರು ಗೊರಕೆಯವರಲ್ಲಿ ಕೆಲವರಿಗೆ ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಂಡು 10 ಸೆಕೆಂಡು, ಇನ್ನೂ ಹೆಚ್ಚು ಹೊತ್ತು ಉಸಿರೇ ನಿಲ್ಲುತ್ತದೆ. ರಾತ್ರಿಯಿಡೀ ಇದೇ ಕತೆ. ಇದಕ್ಕೆ ಸ್ಲೀಪ್ ಅಪ್ನಿಯಾ ಅಂತಾರೆ. ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿ.ಪಿ. ಏರುತ್ತದೆ. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೋ ಆಮ್ಲಜನಕ ಬಹಳ ಬೇಕು. ಸಕ್ಕರೆಯಿಂದ ಅಲ್ಲಿನ ಸಣ್ಣ ರಕ್ತನಾಳಗಳು ಮೊದಲೇ ಕೆಟ್ಟಿದ್ದರೆ, ಗಾಯದ ಮೇಲೆ ಬರೆ. ಸಾಲದ್ದಕ್ಕೆ ನಿದ್ದೆ ಕೆಟ್ಟರೆ ಸಕ್ಕರೆಯೂ ಹತೋಟಿ ತಪ್ಪುತ್ತದೆ.

ಗೊರಕೆ ನಿಲ್ಲಿಸಿದರೆ ಕಣ್ಣು ಉಳಿದೇ ಉಳಿಯುತ್ತದೆ ಅಂತ ಯಾವ ಡಾಕ್ಟರೂ ಬರೆದುಕೊಡಲಾರರು. ಆದರೆ ಎರಡೂ ಕಾಯಿಲೆ ಇರುವವರಲ್ಲಿ ಕಣ್ಣಿನ ತೊಂದರೆ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ.

2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮೇಲೆ. ಇವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್.ಸಿ.ಡಿ. ಕ್ಲಿನಿಕ್ ಇವೆ. ಎಷ್ಟೋ ಕಡೆ ಬೆರಳು ಚುಚ್ಚಿ, ಮಾತ್ರೆ ಕೊಟ್ಟು, ಮುಂದಿನ ನಂಬರ್ ಕೂಗಿದರೆ ಮುಗಿಯಿತು. ‘ಗೊರಕೆ ಇದೆಯಾ? ಕಣ್ಣು ಯಾವಾಗ ತೋರಿಸಿದ್ರಿ?’ ಈ ಎರಡು ಪ್ರಶ್ನೆ ಕೇಳಲು ಯಾವ ಬಜೆಟ್ಟೂ ಬೇಡ. ಚೀಟಿಯಲ್ಲೇ ಅಚ್ಚು ಹಾಕಿಸಲಿ.

ನಾವೂ ಅಷ್ಟೆ. ಕನ್ನಡಕದಂಗಡಿಯಲ್ಲಿ ನಂಬರ್ ನೋಡಿಸಿದ್ದು ಅಕ್ಷಿಪಟಲದ ಪರೀಕ್ಷೆ ಅಲ್ಲ. ಸಕ್ಕರೆ ಇದ್ದವರು ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ಕಣ್ಣಿನ ಒಳಭಾಗ ತೋರಿಸಬೇಕು. ‘ಚೆನ್ನಾಗೇ ಕಾಣ್ತಿದೆಯಲ್ಲ’ ಅನ್ನಬೇಡಿ. ಈ ರೋಗ ಶುರುವಿನಲ್ಲಿ ನೋವೂ ಇಲ್ಲ, ಮಸುಕೂ ಇಲ್ಲ. ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು. ಅವತ್ತು ಸ್ಕೂಟರ್ ಬಿಟ್ಟು ಬಸ್ಸು ಹತ್ತಿ.

ಮನೆಯವರು ‘ರಾತ್ರಿ ಉಸಿರು ಕಟ್ಟಿದ ಹಾಗಾಗುತ್ತೆ ನಿಮಗೆ’ ಅಂದರೆ ರೇಗಬೇಡಿ, ಅದನ್ನೇ ಡಾಕ್ಟರಿಗೆ ಹೇಳಿ. ಹೆಂಗಸರೂ ಇದಕ್ಕೆ ಹೊರತಲ್ಲ. ತನ್ನ ಗೊರಕೆ ತನಗೆ ಕೇಳದು. ಪಕ್ಕದಲ್ಲಿ ಮಲಗಿದವರೇ ಸಾಕ್ಷಿ.

ಬಸ್ಸಿನ ಬೋರ್ಡು ಕಾಣದಾದ ಮೇಲೆ ಆಸ್ಪತ್ರೆಗೆ ಓಡಿದರೆ ಲೇಸರು, ಇಂಜೆಕ್ಷನ್ನು ಇದ್ದಷ್ಟನ್ನು ಉಳಿಸಿಯಾವು. ಹೋದದ್ದನ್ನು ವಾಪಸ್ ತರುವುದು ಕಷ್ಟ.